ಸಿಟ್ಟು ನೆತ್ತಿಗೇರಿದಾಗ ಆ ಒಂದು ನಿಮಿಷ ಏನು ಮಾಡುತ್ತೀರಿ?

ಹೊಸ್ತಿಲು

ನಿನ್ನೆ ರಾತ್ರಿ ನಡೆದದ್ದು. ಮರುದಿನ ಕೊಡಬೇಕಾದ ಕಾಗದಪತ್ರಗಳನ್ನು ಹರಡಿಕೊಂಡು ಕೂತಿದ್ದೆ. ಒಂಬತ್ತು ವರ್ಷದ ಮಗಳು ಪಕ್ಕದಲ್ಲೇ ಬರೆಯುತ್ತಿದ್ದಳು. ಅವಳ ಕೈ ತಾಗಿ ನೀರಿನ ಲೋಟ ಉರುಳಿತು. ಕಾಗದವೆಲ್ಲ ಒದ್ದೆ. ನಾನು ಕಿರುಚಿದೆ. ಅಷ್ಟೇ ಆಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಅವಳ ನೋಟ್‌ಬುಕ್ ಕಿತ್ತು ಗೋಡೆಗೆ ಎಸೆದೆ.

ಅವಳು ಅಳಲಿಲ್ಲ. ಹೋಗಿ ನೋಟ್‌ಬುಕ್ ಎತ್ತಿಕೊಂಡಳು. ನೆಲದ ಮೇಲೆ ಕೂತು, ಮುದುಡಿದ ಹಾಳೆಗಳನ್ನು ಒಂದೊಂದಾಗಿ ಅಂಗೈಯಿಂದ ಒತ್ತಿ ಒತ್ತಿ ಸರಿ ಮಾಡಿದಳು. ಆ ಸರಸರ ಸದ್ದು ಇನ್ನೂ ಕಿವಿಯಲ್ಲಿದೆ. ಸಮಾಧಾನ ಮಾಡಲು ಹತ್ತಿರ ಹೋದರೆ ಒಂದು ಹೆಜ್ಜೆ ಹಿಂದೆ ಸರಿದಳು. ಅವಳ ಮೇಲೆ ನಾನು ಯಾವತ್ತೂ ಕೈ ಮಾಡಿದವನಲ್ಲ. ಆದರೂ ಸರಿದಳು.

ಸಿಟ್ಟು ಒಳ್ಳೆಯದಲ್ಲ ಅಂತ ನನಗೂ ಗೊತ್ತು. ನನಗೆ ಬೇಕಾಗಿರುವುದು ಬೇರೆ. ಸಿಟ್ಟು ಬಂದೇಬಿಟ್ಟಿದೆ, ಬಾಯಿ ಇನ್ನೂ ತೆರೆದಿಲ್ಲ. ಆ ಕೆಲವೇ ಸೆಕೆಂಡಿನಲ್ಲಿ ಏನು ಮಾಡಬೇಕು? ನೀವು ಸ್ವತಃ ಮಾಡಿ, ಉಪಯೋಗವಾದದ್ದನ್ನು ದಯವಿಟ್ಟು ಹೇಳಿ.

ವಾರ್ಡ್ ನರ್ಸ್

ಮೊದಲು ಮೈಯೊಳಗೆ ಏನಾಗುತ್ತದೆ ಅಂತ ಹೇಳುತ್ತೇನೆ. ಅದು ಗೊತ್ತಾದರೆ ಉಪಾಯ ತಾನಾಗಿ ಹೊಳೆಯುತ್ತದೆ.

ಮಿದುಳಿನಲ್ಲಿ ಅಮಿಗ್ಡಲಾ ಅನ್ನುವ ಪುಟ್ಟ ಭಾಗ ಇದೆ. ಅಪಾಯ ಅನ್ನಿಸಿದ ತಕ್ಷಣ ಗಂಟೆ ಬಾರಿಸುವುದು ಅದೇ. ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಬಿಡುತ್ತವೆ. ಎದೆಬಡಿತ ಏರುತ್ತದೆ, ಉಸಿರು ಜೋರಾಗುತ್ತದೆ, ದವಡೆ ಬಿಗಿಯುತ್ತದೆ. ಹೊಡೆದಾಟಕ್ಕೆ ಮೈ ಸಜ್ಜಾಗುವುದು ಹೀಗೆ. ವಾಲ್ಟರ್ ಕ್ಯಾನನ್ ಅನ್ನುವ ಅಮೆರಿಕದ ಶರೀರಶಾಸ್ತ್ರಜ್ಞ 1915ರಷ್ಟು ಹಿಂದೆಯೇ ಇದನ್ನು ವಿವರಿಸಿದ್ದಾರೆ. ಎದುರಿಗಿರುವುದು ಹುಲಿಯೋ ನೀರಿನ ಲೋಟವೋ ಅಂತ ನೋಡುವಷ್ಟು ತಾಳ್ಮೆ ಮೈಗಿಲ್ಲ. ಹಣೆಯ ಹಿಂದಿರುವ, ಯೋಚಿಸಿ ತಡೆಯುವ ಭಾಗ ಆ ಹೊತ್ತಿನಲ್ಲಿ ಹಿಂದೆ ಬೀಳುತ್ತದೆ. ಅದಕ್ಕೇ ಆಗ ನಮಗೆ ನಾವೇ ಹೇಳಿಕೊಳ್ಳುವ ಬುದ್ಧಿಮಾತು ಒಳಗೆ ಇಳಿಯುವುದಿಲ್ಲ.

ಹಾಗಾಗಿ ಮೊದಲು ಮೈಯನ್ನು ಇಳಿಸಬೇಕು. ಎದೆಬಡಿತವನ್ನು ಬೇಕೆಂದಾಗ ನಿಲ್ಲಿಸಲು ಆಗುವುದಿಲ್ಲ, ಆದರೆ ಉಸಿರು ನಮ್ಮ ಕೈಯಲ್ಲಿದೆ. ಈಗಲೇ ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ನೋಡಿ. ನಿಧಾನ ಉಸಿರು ಎಳೆಯುವಾಗ ನಾಡಿ ತುಸು ಚುರುಕಾಗುತ್ತದೆ, ಬಿಡುವಾಗ ತುಸು ನಿಧಾನವಾಗುತ್ತದೆ. ಉಸಿರು ಬಿಡುವಾಗ ವೇಗಸ್ ನರ ಹೃದಯಕ್ಕೆ ಲಗಾಮು ಹಾಕುತ್ತದೆ. ಅದಕ್ಕೇ ಎಳೆಯುವುದಕ್ಕಿಂತ ಬಿಡುವುದು ಉದ್ದ ಇರಬೇಕು. ಮೂಗಿನಿಂದ ನಾಲ್ಕು ಎಣಿಸುವಷ್ಟು ಎಳೆಯಿರಿ, ಆರೋ ಎಂಟೋ ಎಣಿಸುವಷ್ಟು ಮೆಲ್ಲಗೆ ಬಿಡಿ. ಐದಾರು ಸಲ ಸಾಕು. ಒಂದು ನಿಮಿಷದ ಕೆಲಸ.

ಸುಮಾರು ಜನ ದೊಡ್ಡದಾಗಿ ಉಸಿರು ಎಳೆದು ಎದೆ ಉಬ್ಬಿಸಿಕೊಂಡು ನಿಲ್ಲುತ್ತಾರೆ. ಬೇಗ ಬೇಗ ಎಳೆದು ಬಿಟ್ಟರೆ ತಲೆ ಸುತ್ತು ಬರುತ್ತದೆ, ಅಷ್ಟೇ. ಗಮನವೆಲ್ಲ ಬಿಡುವ ಉಸಿರಿನ ಮೇಲಿರಲಿ.

ರಾತ್ರಿ ಪಾಳಿ

ನನಗೆ ಉಸಿರಾಟ ಕೈ ಹಿಡಿಯಲಿಲ್ಲ. ಸಿಟ್ಟು ತುಂಬಾ ಏರಿದಾಗ ಎಣಿಸುವುದೇ ಮರೆತುಹೋಗುತ್ತದೆ. ನನ್ನದು ತಣ್ಣೀರು. ಸುಮ್ನೆ ಮುಖ ತೊಳೆಯುವುದಲ್ಲ. ಬೊಗಸೆ ತುಂಬ ತಣ್ಣೀರು ತೆಗೆದುಕೊಂಡು, ಬಗ್ಗಿ, ಉಸಿರು ಹಿಡಿದು, ಕಣ್ಣು ಕೆನ್ನೆ ಮುಳುಗುವ ಹಾಗೆ ಸ್ವಲ್ಪ ಹೊತ್ತು ಇಡುತ್ತೇನೆ. ಎರಡು ಮೂರು ಸಲ. ನೀರಲ್ಲಿ ಮುಳುಗಿದಾಗ ಎದೆಬಡಿತ ನಿಧಾನವಾಗುವ ಗುಣ ಮನುಷ್ಯರ ಮೈಯಲ್ಲೂ ಇದೆಯಂತೆ. ಕಣ್ಣಿನ ಸುತ್ತಲಿನ ಚರ್ಮಕ್ಕೆ ತಣ್ಣಗೆ ತಾಗಿದರೆ ಅದು ಏಳುತ್ತದೆ. ಒದ್ದೆ ಬಟ್ಟೆ ಒತ್ತಿ ಹಿಡಿದರೂ ನನಗೆ ಆಗುತ್ತದೆ.

ವಾರ್ಡ್ ನರ್ಸ್

ಅದು ನಿಜ. ಒಂದು ಮಾತು ಸೇರಿಸುತ್ತೇನೆ. ಹೃದಯದ ತೊಂದರೆ ಇರುವವರು, ಎದೆಬಡಿತ ಮೊದಲೇ ನಿಧಾನ ಇರುವವರು ವೈದ್ಯರನ್ನು ಕೇಳದೆ ಇದನ್ನು ಮಾಡಬೇಡಿ.

ಕಟ್ಟುಮಸ್ತು

ನಾನು ದಿಂಬಿಗೆ ಗುದ್ದುತ್ತೇನೆ. ಯಾರಿಗೂ ನೋವಿಲ್ಲ, ಒಳಗಿನದು ಹೊರಗೆ ಹೋಗುತ್ತದೆ. ಕುಕ್ಕರಿನ ಹಾಗೆ, ಒತ್ತಡ ಹೊರಗೆ ಬಿಡದಿದ್ದರೆ ಸಿಡಿಯುತ್ತದೆ ಅಲ್ವಾ? ವರ್ಷಗಳಿಂದ ಇದನ್ನೇ ಮಾಡುತ್ತಿದ್ದೇನೆ.

ಓದುಹುಳು

ಕಟ್ಟುಮಸ್ತು ಅವರೇ, ನಾನೂ ಬಹಳ ವರ್ಷ ಹಾಗೇ ನಂಬಿದ್ದೆ. ಆದರೆ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಬ್ರಾಡ್ ಬುಶ್‌ಮನ್ ಅನ್ನುವ ಮನಶ್ಶಾಸ್ತ್ರಜ್ಞ 2002ರಲ್ಲಿ ಪ್ರಕಟಿಸಿದ ಅಧ್ಯಯನ ಅದು. 600 ವಿದ್ಯಾರ್ಥಿಗಳು. ಅವರು ಬರೆದ ಪ್ರಬಂಧವನ್ನು ಕೆಟ್ಟದಾಗಿ ಟೀಕಿಸಿ ಸಿಟ್ಟು ಬರಿಸಿದರು. ಒಂದು ಗುಂಪಿಗೆ, ಟೀಕಿಸಿದವರನ್ನೇ ನೆನೆಸಿಕೊಂಡು ಗುದ್ದುಚೀಲಕ್ಕೆ ಗುದ್ದಿ ಅಂದರು. ಇನ್ನೊಂದು ಗುಂಪಿಗೆ, ವ್ಯಾಯಾಮ ಅಂದುಕೊಂಡು ಗುದ್ದಿ ಅಂದರು. ಮೂರನೆಯ ಗುಂಪನ್ನು ಸುಮ್ಮನೆ ಕೂರಿಸಿದರು. ಎಲ್ಲರಿಗಿಂತ ಜಾಸ್ತಿ ಸಿಟ್ಟು ಉಳಿದದ್ದು, ನೆನೆಸಿಕೊಂಡು ಗುದ್ದಿದವರಲ್ಲಿ. ಸುಮ್ಮನೆ ಕೂತವರೇ ವಾಸಿ.

2024ರಲ್ಲಿ ಅವರೂ ಇನ್ನೊಬ್ಬ ಸಂಶೋಧಕಿಯೂ ಸೇರಿ 154 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಹತ್ತು ಸಾವಿರಕ್ಕೂ ಜಾಸ್ತಿ ಜನರ ಲೆಕ್ಕ. ಮೈಯ ಕಾವು ಇಳಿಸುವ ಕೆಲಸಗಳು, ಅಂದರೆ ನಿಧಾನ ಉಸಿರಾಟ, ಧ್ಯಾನ, ಸ್ನಾಯು ಸಡಿಲಿಸುವುದು, ಇವು ಸಿಟ್ಟನ್ನು ಇಳಿಸಿದವು. ಕಾವು ಏರಿಸುವ ಕೆಲಸಗಳಿಂದ ಒಟ್ಟಾರೆ ಲಾಭ ಕಾಣಲಿಲ್ಲ. ಓಟದಿಂದ ಸಿಟ್ಟು ಏರಿದ್ದೂ ಉಂಟು.

ಗುದ್ದುವಾಗ ಹಗುರ ಅನ್ನಿಸುವುದು ಸುಳ್ಳಲ್ಲ. ಆದರೆ ಸಿಟ್ಟು ಬಂದಾಗ ಗುದ್ದಬೇಕು ಅನ್ನುವುದನ್ನು ಕೈಗೆ ನಾವೇ ಕಲಿಸಿದ ಹಾಗಾಗುತ್ತದೆ. ಇವತ್ತು ದಿಂಬು ಸಿಕ್ಕಿತು. ದಿಂಬು ಇಲ್ಲದ ಕಡೆ?

ಕಟ್ಟುಮಸ್ತು

ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದೆ. ಕಳೆದ ತಿಂಗಳು ಬಾಗಿಲಿಗೆ ಗುದ್ದಿದ್ದೆ. ದಿಂಬು ಇರಲಿಲ್ಲ. ನೀವು ಹೇಳಿದ್ದು ಅದನ್ನೇ. ಹಾಗಾದರೆ ನಾನು ಓಡುವುದನ್ನೂ ಬಿಡಬೇಕಾ?

ಓದುಹುಳು

ಖಂಡಿತ ಬಿಡಬೇಡಿ. ದಿನವೂ ಓಡುವುದು ಹೃದಯಕ್ಕೆ, ನಿದ್ದೆಗೆ, ಮನಸ್ಸಿಗೆ ಒಳ್ಳೆಯದು. ಸಿಟ್ಟಿನ ಕಾವಿನಲ್ಲಿ, ಜಗಳವನ್ನು ತಲೆಯಲ್ಲಿ ತಿರುಗಿಸುತ್ತಾ ಓಡಬೇಡಿ ಅಷ್ಟೇ. ಕೈ ಗುದ್ದಲು ಹಪಹಪಿಸುವಾಗ ಹೀಗೆ ಮಾಡಿ. ಮುಷ್ಟಿಯನ್ನು ಐದು ಸೆಕೆಂಡ್ ಗಟ್ಟಿಯಾಗಿ ಬಿಗಿಹಿಡಿಯಿರಿ. ಆಮೇಲೆ ಪೂರ್ತಿ ಬಿಟ್ಟುಬಿಡಿ, ಕೈ ಒದ್ದೆ ಬಟ್ಟೆಯ ಹಾಗೆ ಜೋತುಬೀಳಲಿ. ಹಾಗೆಯೇ ಭುಜ, ಆಮೇಲೆ ದವಡೆ. ಎಡ್ಮಂಡ್ ಜೇಕಬ್ಸನ್ ಅನ್ನುವ ವೈದ್ಯರು 1920ರ ದಶಕದಲ್ಲಿ ಬೆಳೆಸಿದ ಸ್ನಾಯು ಸಡಿಲಿಕೆಯ ಪದ್ಧತಿಯಿಂದ ಬಂದದ್ದು ಇದು. ಅವರದು ತುಂಬ ದೀರ್ಘವಾದ ಕಲಿಕೆ. ನಾನು ಹೇಳಿದ್ದು ಅದರ ಒಂದು ತುಣುಕು. ಬಿಗಿಯುವುದಕ್ಕಿಂತ ಬಿಡುವಾಗ ಆಗುವ ವ್ಯತ್ಯಾಸವನ್ನು ಗಮನಿಸಿ.

ಬಾಗಿಲ ಈಚೆ

ಸಿಟ್ಟು ಬಂದಾಗ ಅಲ್ಲಿಂದ ಎದ್ದು ಹೋಗಿ ಅಂತ ಯಾರಾದರೂ ಬರೆಯುತ್ತಾರೆ ಅಂತ ಕಾಯುತ್ತಿದ್ದೆ. ಅದಕ್ಕೆ ಮೊದಲು ಹೇಳಿಬಿಡುತ್ತೇನೆ. ಎದ್ದು ಹೋಗುವವರ ಮನೆಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ.

ನನ್ನ ಗಂಡ ಒಳ್ಳೆಯವರು. ಸಿಟ್ಟು ಬಂದರೆ ಮಾತಾಡದೆ ಬಾಗಿಲು ಎಳೆದುಕೊಂಡು ಹೋಗುತ್ತಿದ್ದರು. ಕೆಟ್ಟ ಮಾತು ಬಾಯಿಂದ ಬರಬಾರದು ಅಂತ ಹೋಗುತ್ತಿದ್ದದ್ದು. ಅದು ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ಒಳಗೆ ಉಳಿದ ನನಗೆ ಅದು ಶಿಕ್ಷೆಯ ಹಾಗಿತ್ತು. ಯಾವಾಗ ಬರುತ್ತಾರೆ, ಬಂದ ಮೇಲೆ ಮಾತಾಡುತ್ತಾರಾ, ಏನೂ ಗೊತ್ತಿಲ್ಲ. ಆ ಎರಡು ಗಂಟೆಯಲ್ಲಿ ನನ್ನ ಸಿಟ್ಟು ಹತ್ತು ಪಟ್ಟು ಆಗುತ್ತಿತ್ತು.

ಈಗ ನಮ್ಮಲ್ಲಿ ಒಂದು ಮಾತಿದೆ. ಸಮಾಧಾನದಲ್ಲಿದ್ದಾಗ ಇಬ್ಬರೂ ಕೂತು ಮಾಡಿಕೊಂಡದ್ದು. ಹೋಗುವವರು "ನನಗೆ ಅರ್ಧ ಗಂಟೆ ಬೇಕು, ಬಂದು ಮಾತಾಡುತ್ತೇನೆ" ಅಂತ ಹೇಳಿಯೇ ಹೋಗಬೇಕು. ಹೇಳಿದ ಹೊತ್ತಿಗೆ ಬರಲೇಬೇಕು. ಸಿಟ್ಟು ಇಳಿದಿಲ್ಲವಾದರೆ ಬಂದು "ಇನ್ನೂ ಸ್ವಲ್ಪ ಹೊತ್ತು" ಅನ್ನಬೇಕು. ಬಾಗಿಲು ಬಡಿಯುವ ಹಾಗಿಲ್ಲ. ಇಷ್ಟರಿಂದಲೇ ನಮ್ಮ ಜಗಳಗಳ ಬಣ್ಣ ಬದಲಾಯಿತು.

ಓದುಹುಳು

ಅಕ್ಕ, ಇದು ತುಂಬ ಮುಖ್ಯವಾದ ಮಾತು. ದಂಪತಿಗಳ ಜಗಳವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಜಾನ್ ಗಾಟ್‌ಮನ್ ಕೂಡ ಬಿಡುವು ಕನಿಷ್ಠ 20 ನಿಮಿಷ ಇರಬೇಕು ಅನ್ನುತ್ತಾರೆ. ಏರಿದ ಮೈ ಅದಕ್ಕೂ ಮೊದಲು ಪೂರ್ತಿ ಇಳಿಯುವುದಿಲ್ಲ. ಆ ಹೊತ್ತಿನಲ್ಲಿ "ಅವಳು ಹಾಗಂದಳು, ನಾನು ಹೀಗನ್ನಬೇಕಿತ್ತು" ಅಂತ ತಿರುತಿರುಗಿ ಕಡೆಯುತ್ತಿದ್ದರೆ ಬಿಡುವು ಇದ್ದೂ ಇಲ್ಲದ ಹಾಗೆ.

ಹೊಸ್ತಿಲು

ಎಲ್ಲರಿಗೂ ಧನ್ಯವಾದ. ಒಂದು ಅನುಮಾನ. ಮಗುವಿನ ಜೊತೆ ಒಬ್ಬನೇ ಇರುವಾಗ ಎದ್ದು ಹೋಗಲು ಆಗುವುದಿಲ್ಲ. ಆಗ?

ರಾತ್ರಿ ಪಾಳಿ

ಕೂತುಬಿಡಿ. ನೆಲದ ಮೇಲೆಯೇ. ನಿಂತಿದ್ದರೆ ನಮ್ಮ ಎತ್ತರವೇ ಮಗುವನ್ನು ಹೆದರಿಸುತ್ತದೆ. ಕೂತು ಬೆನ್ನು ಹಿಂದಕ್ಕೆ ಗೋಡೆಗೆ ಒರಗಿಸಿದರೆ ನನಗೆ ಸಿಟ್ಟಿನ ಅರ್ಧ ಅಲ್ಲೇ ಇಳಿಯುತ್ತದೆ.

ಓದುಹುಳು

ಅದಕ್ಕೂ ಒಂದು ಪರೀಕ್ಷೆ ನಡೆದಿದೆ. 2009ರಲ್ಲಿ ಹಾರ್ಮನ್ ಜೋನ್ಸ್ ಮತ್ತು ಪೀಟರ್ಸನ್ ಅನ್ನುವವರು, ನೇರವಾಗಿ ಕೂತವರಿಗೂ ಹಿಂದಕ್ಕೆ ಒರಗಿ ಮಲಗಿದವರಿಗೂ ಅವಮಾನದ ಮಾತು ಕೇಳಿಸಿ ಮಿದುಳಿನ ಚಟುವಟಿಕೆ ನೋಡಿದರು. ಮುಂದೆ ನುಗ್ಗುವ ಸಿಟ್ಟಿನ ಗುರುತು ಮಲಗಿದವರಲ್ಲಿ ಕಮ್ಮಿ ಇತ್ತು. ಜಗಳದ ಮಧ್ಯೆ ಮಲಗಿ ಅಂತ ನಾನು ಹೇಳುತ್ತಿಲ್ಲ. ಮುಂದಕ್ಕೆ ಬಾಗಿದ ಮೈಯನ್ನು ಹಿಂದಕ್ಕೆ ತನ್ನಿ, ಅಷ್ಟು ಸಾಕು.

ಮೂರನೇ ಸಲ

ನಾನು ಇಲ್ಲಿ ಬರೆಯುವುದು ಮೊದಲ ಸಲ. ಅಮ್ಮನಿಗೆ ಮರೆವಿನ ಕಾಯಿಲೆ. ನೋಡಿಕೊಳ್ಳುವವಳು ನಾನೊಬ್ಬಳೇ. "ಇವತ್ತು ಯಾವ ವಾರ?" ಅಂತ ಕೇಳುತ್ತಾರೆ. ಹೇಳುತ್ತೇನೆ. ಎರಡು ನಿಮಿಷ ಬಿಟ್ಟು ಮತ್ತೆ ಕೇಳುತ್ತಾರೆ. ಮೂರನೇ ಸಲಕ್ಕೆ ನನ್ನ ದನಿ ಬದಲಾಗುತ್ತದೆ. ಅದು ನನಗೇ ಕೇಳಿಸುತ್ತದೆ.

ಅವರದೇನೂ ತಪ್ಪಿಲ್ಲ ಅಂತ ಗೊತ್ತಿದ್ದೂ ಸಿಟ್ಟು ಬರುತ್ತಿತ್ತು. ಸಿಟ್ಟು ಬಂತಲ್ಲ ಅಂತ ಇನ್ನೂ ಸಿಟ್ಟು, ನನ್ನ ಮೇಲೆಯೇ. ಒಬ್ಬ ಆಪ್ತ ಸಮಾಲೋಚಕಿ ಒಂದು ಸಣ್ಣ ಕೆಲಸ ಹೇಳಿಕೊಟ್ಟರು. ಏನು ಅನ್ನಿಸುತ್ತಿದೆಯೋ ಅದಕ್ಕೆ ಹೆಸರು ಕೊಡಿ, ಬಾಯಿಬಿಟ್ಟು ಪಿಸುಗುಡಿ ಅಂತ. ಶುರುವಿನಲ್ಲಿ "ನನಗೆ ಸಿಟ್ಟು ಬರುತ್ತಿದೆ" ಅಂತ ಅನ್ನುತ್ತಿದ್ದೆ. ಒಂದು ದಿನ, ಅಮ್ಮನ ತಲೆ ಬಾಚುತ್ತಿದ್ದಾಗ, ಬಾಚಣಿಗೆ ಕೈಯಲ್ಲಿ ಹಿಡಿದುಕೊಂಡೇ, "ನನಗೆ ಹೆದರಿಕೆ ಆಗುತ್ತಿದೆ" ಅಂತ ಬಾಯಿಗೆ ಬಂತು. ಅದೇ ನಿಜವಾಗಿತ್ತು. ನಾಳೆ ಅಮ್ಮ ನನ್ನನ್ನೇ ಯಾರು ಅಂತ ಕೇಳಿದರೆ ಅನ್ನುವ ಹೆದರಿಕೆ. ಹೆದರಿಕೆ ಅಂತ ಗೊತ್ತಾದ ಮೇಲೆ ಆ ಸಿಟ್ಟಿಗೆ ಮೊದಲಿನ ಬಲ ಉಳಿಯಲಿಲ್ಲ. ಈಗಲೂ ಮೂರನೇ ಸಲಕ್ಕೆ ಒಳಗೆ ಏನೋ ಎದ್ದೇಳುತ್ತದೆ. ಹೆಸರು ಹೇಳುತ್ತೇನೆ. ಆಮೇಲೆ ವಾರ ಹೇಳುತ್ತೇನೆ.

ವಾರ್ಡ್ ನರ್ಸ್

ತಂಗೀ, ನಿಮ್ಮ ಬರಹ ಓದಿ ಕಣ್ಣು ತುಂಬಿತು. ನೀವು ಮಾಡುತ್ತಿರುವುದಕ್ಕೆ ಮಿದುಳಿನ ಕಡೆಯಿಂದಲೂ ಬೆಂಬಲ ಇದೆ. ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರ 2007ರ ಅಧ್ಯಯನದಲ್ಲಿ, ಚಿತ್ರದಲ್ಲಿರುವ ಮುಖದ ಭಾವನೆಗೆ ಹೆಸರಿಟ್ಟಾಗ ಅಮಿಗ್ಡಲಾದ ಚಟುವಟಿಕೆ ಇಳಿದದ್ದು ಕಂಡಿತ್ತು. ಆದರೆ ಒಬ್ಬರೇ ನೋಡಿಕೊಳ್ಳುವುದು ಸಣ್ಣ ಕೆಲಸವಲ್ಲ. ವಾರಕ್ಕೆ ಕೆಲವು ಗಂಟೆಯಾದರೂ ಯಾರಾದರೂ ನಿಮ್ಮ ಬದಲು ಇರುವ ಹಾಗೆ ಮಾಡಿಕೊಳ್ಳಿ. ನಿದ್ದೆ ಕೆಟ್ಟ ಮೈಗೆ ಯಾವ ಉಪಾಯವೂ ಪೂರ್ತಿ ನಾಟುವುದಿಲ್ಲ.

ಕಳಿಸದ ಕಾಗದ

ನನ್ನ ಸಿಟ್ಟೆಲ್ಲ ಬೆರಳ ತುದಿಯಲ್ಲಿ. ಮೆಸೇಜ್, ಇಮೇಲ್. ಒಂದು ನಿಯಮ ಇಟ್ಟುಕೊಂಡಿದ್ದೇನೆ. ಬರೆಯುತ್ತೇನೆ, ಆದರೆ ವಿಳಾಸದ ಜಾಗ ಖಾಲಿ ಬಿಡುತ್ತೇನೆ. ಕೈತಪ್ಪಿ ಒತ್ತಿದರೂ ಹೋಗಬಾರದು. ಬೆಳಿಗ್ಗೆ ಎದ್ದು ಓದುತ್ತೇನೆ. ಇಲ್ಲಿಯವರೆಗೆ ಒಂದನ್ನೂ ಇದ್ದ ಹಾಗೆಯೇ ಕಳಿಸಿಲ್ಲ.

ನ್ಯಾಯ ಬೇಕು

ಎಲ್ಲರೂ ಸಿಟ್ಟು ಇಳಿಸುವ ಮಾತೇ ಆಡುತ್ತಿದ್ದೀರಿ. ನನ್ನ ಕೆಲಸದ ಜಾಗದಲ್ಲಿ ನಾನು ಮಾಡಿದ ಕೆಲಸವನ್ನು ಮೇಲಿನವರು ತಮ್ಮದು ಅಂತ ತೋರಿಸಿಕೊಳ್ಳುತ್ತಾರೆ. ನಾಲ್ಕು ಜನರ ಎದುರಿಗೆ ನನ್ನನ್ನೇ ಬೈಯುತ್ತಾರೆ. ಅಲ್ಲೂ ನಾನು ಉಸಿರು ಎಣಿಸುತ್ತಾ ಕೂರಬೇಕಾ? ಸಿಟ್ಟು ಬರುವುದೇ ತಪ್ಪಾ? ಇಷ್ಟು ವರ್ಷ ನುಂಗಿ ನುಂಗಿಯೇ ಇಲ್ಲಿಗೆ ಬಂದು ನಿಂತಿದ್ದೇನೆ.

ಹಳೇ ಮೇಷ್ಟ್ರು

ತಪ್ಪಲ್ಲಮ್ಮ. ನಿನ್ನ ಸಿಟ್ಟು ಸರಿಯಾಗಿಯೇ ಇದೆ. ಅನ್ಯಾಯ ಆದಾಗ ಸಿಟ್ಟು ಬರದವರಿಗೆ ಅನ್ಯಾಯ ಕಾಣುವುದೂ ಇಲ್ಲ. ಮೂವತ್ತು ವರ್ಷ ತರಗತಿಯಲ್ಲಿ ನಿಂತವನು ಹೇಳುತ್ತಿದ್ದೇನೆ. ಸಿಟ್ಟು ಇಳಿಸುವುದು ಬೇರೆ, ನುಂಗುವುದು ಬೇರೆ. ನುಂಗಿದರೆ ವಿಷಯ ಅಲ್ಲಿಗೆ ಮುಗಿಯಿತು, ಯಾರೂ ಕೇಳುವುದಿಲ್ಲ. ಇಳಿಸಿಕೊಂಡರೆ ವಿಷಯ ಇನ್ನೂ ಕೈಯಲ್ಲಿರುತ್ತದೆ.

ಕಿರುಚಿದ ದಿನ ಜನ ನಮ್ಮ ದನಿಯ ಬಗ್ಗೆ ಮಾತಾಡುತ್ತಾರೆ, ನಮಗೆ ಆದದ್ದರ ಬಗ್ಗೆ ಅಲ್ಲ. ನಾನೇ ಅನುಭವಿಸಿದ್ದೇನೆ. ಒಮ್ಮೆ ಸಿಬ್ಬಂದಿ ಸಭೆಯಲ್ಲಿ ನನ್ನ ಮಾತು ನೂರಕ್ಕೆ ನೂರು ಸರಿಯಿತ್ತು. ಮೇಜು ಕುಟ್ಟಿದೆ. ಅಂದಿನಿಂದ ಎಲ್ಲರಿಗೂ ನೆನಪಿರುವುದು ಮೇಜು ಮಾತ್ರ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಅನ್ನುತ್ತಾರಲ್ಲ, ಹಾಗೆ ಆಯಿತು.

ಹಾಗಾಗಿ ಆ ಕ್ಷಣಕ್ಕೆ ಒಂದೇ ವಾಕ್ಯ ಕಲಿತಿಟ್ಟುಕೊ. "ಇದರ ಬಗ್ಗೆ ನಾನು ಆಮೇಲೆ ಮಾತಾಡುತ್ತೇನೆ." ಸಿಟ್ಟಿನಲ್ಲಿ ಹೊಸ ವಾಕ್ಯ ಕಟ್ಟಲು ಆಗುವುದಿಲ್ಲ, ಕಲಿತದ್ದು ಮಾತ್ರ ಬರುತ್ತದೆ. ಆಮೇಲೆ ಕೂತು ಬರೆ. ಯಾವ ದಿನ, ಯಾವ ಕೆಲಸ, ಯಾರ ಎದುರಿಗೆ, ಏನಂದರು. ಬೈಗುಳ ಬೇಡ, ನಡೆದದ್ದು ಮಾತ್ರ. ನಂತರ ಅವರನ್ನು ಒಂಟಿಯಾಗಿ ಕಂಡು ಮಾತಾಡು. ಆಗದಿದ್ದರೆ ಅವರ ಮೇಲಿನವರ ಹತ್ತಿರ ಆ ಬರಹ ತೆಗೆದುಕೊಂಡು ಹೋಗು.

ಹತ್ತು ಎಣಿಸುವ ಹಳೇ ಉಪಾಯದ ಬಗ್ಗೆಯೂ ಒಂದು ಮಾತು. ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ 1825ರಲ್ಲಿ ಒಬ್ಬ ಚಿಕ್ಕ ಹುಡುಗನಿಗಾಗಿ ಬರೆದ ಕಾಗದದಲ್ಲಿ, ಸಿಟ್ಟು ಬಂದರೆ ಹತ್ತು ಎಣಿಸಿ ಮಾತಾಡು, ತುಂಬಾ ಬಂದರೆ ನೂರು ಎಣಿಸು ಅಂದಿದ್ದಾರೆ. ಒಳ್ಳೆಯದೇ. ಆದರೆ ಒಂದು ಎರಡು ಮೂರು ಬಾಯಿಪಾಠ. ಬಾಯಿ ಎಣಿಸುತ್ತಿರುತ್ತದೆ, ತಲೆ ಜಗಳ ಆಡುತ್ತಿರುತ್ತದೆ. ನಾನು ನೂರರಿಂದ ಏಳೇಳು ಕಳೆಯುತ್ತಾ ಬರುತ್ತೇನೆ. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು. ತಲೆಗೆ ಲೆಕ್ಕ ಕೊಟ್ಟರೆ ಜಗಳಕ್ಕೆ ಜಾಗ ಸಿಗುವುದಿಲ್ಲ.

ನ್ಯಾಯ ಬೇಕು

"ಮೇಜು ಮಾತ್ರ ನೆನಪು" ಅಂದಿರಲ್ಲ ಸರ್, ಅದು ನಾಟಿತು. ಬರೆಯಲು ಶುರು ಮಾಡುತ್ತೇನೆ.

ವಾರ್ಡ್ ನರ್ಸ್

ಒಂದು ವಿಷಯ ಹೇಳದಿದ್ದರೆ ನನಗೆ ಸಮಾಧಾನ ಆಗುವುದಿಲ್ಲ. 1995ರಲ್ಲಿ ಹೃದಯಾಘಾತ ಆದವರನ್ನು ಮಾತಾಡಿಸಿ ಮಾಡಿದ ಒಂದು ದೊಡ್ಡ ಅಧ್ಯಯನದಲ್ಲಿ, ಜೋರು ಸಿಟ್ಟು ಬಂದ ನಂತರದ ಎರಡು ಗಂಟೆಗಳಲ್ಲಿ ಹೃದಯಾಘಾತದ ಅಪಾಯ ಎರಡು ಪಟ್ಟಿಗೂ ಸ್ವಲ್ಪ ಜಾಸ್ತಿ ಅಂತ ಕಂಡಿತು. ಆರೋಗ್ಯವಂತರು ಇದಕ್ಕೆ ಹೆದರಬೇಕಿಲ್ಲ. ಆದರೆ ಹೃದಯದ ಕಾಯಿಲೆ, ಜಾಸ್ತಿ ರಕ್ತದೊತ್ತಡ ಇರುವವರು ಸಿಟ್ಟನ್ನು ಬರೀ ಸ್ವಭಾವ ಅಂತ ಬಿಡಬೇಡಿ.

ಇದ್ದಕ್ಕಿದ್ದಂತೆ ಸಿಟ್ಟು ಜಾಸ್ತಿಯಾಗಿದ್ದರೆ ವೈದ್ಯರನ್ನು ಕಾಣಿ. ಥೈರಾಯ್ಡ್ ಏರುಪೇರು, ಖಿನ್ನತೆ, ನಿದ್ದೆಗೇಡು, ಕೆಲವು ಔಷಧಿಗಳು, ಎಲ್ಲವೂ ಸಿಡುಕು ತರಬಹುದು. ಖಿನ್ನತೆ ಅಳುವಿನ ರೂಪದಲ್ಲೇ ಬರಬೇಕೆಂದಿಲ್ಲ.

ಕೈ ಎತ್ತುವ ಮಟ್ಟಕ್ಕೆ ಹೋಗುತ್ತಿದ್ದರೆ, ಮನೆಯವರು ನಿಮ್ಮ ಹೆಜ್ಜೆ ಸದ್ದಿಗೇ ಮೌನವಾಗುತ್ತಿದ್ದರೆ, ಉಪಾಯಗಳನ್ನು ಓದುತ್ತಾ ದಿನ ಕಳೆಯಬೇಡಿ. ಮನೋವೈದ್ಯರನ್ನೋ ಆಪ್ತ ಸಮಾಲೋಚಕರನ್ನೋ ನೇರವಾಗಿ ಕಾಣಿ. ಇನ್ನೊಬ್ಬರ ಸಿಟ್ಟಿನಿಂದ ಏಟು ತಿನ್ನುತ್ತಿರುವವರು ಇದನ್ನು ಓದುತ್ತಿದ್ದರೆ, ಅವರನ್ನು ಶಾಂತ ಮಾಡುವ ಹೊಣೆ ನಿಮ್ಮದಲ್ಲ. ಮೊದಲು ನೀವು ಸುರಕ್ಷಿತವಾದ ಕಡೆ ಹೋಗಿ, ನಂಬಿಕೆಯವರಿಗೆ ಹೇಳಿ.

ಹೊಸ್ತಿಲು ಅವರೇ, ನಿಮಗೆ ಒಂದು ಪ್ರಶ್ನೆ. ಕಿರುಚುವ ಮೊದಲು ನಿಮ್ಮ ಮೈಯಲ್ಲಿ ಮೊದಲು ಏನಾಗುತ್ತದೆ? ಒಂದು ವಾರ ಗಮನಿಸಿ. ಉಸಿರಾಟವನ್ನೂ ಸಿಟ್ಟಿಲ್ಲದ ಹೊತ್ತಿನಲ್ಲಿ ದಿನಕ್ಕೆ ಐದು ನಿಮಿಷ ಅಭ್ಯಾಸ ಮಾಡಿ. ಈಜು ಕಲಿಯುವುದು ಪ್ರವಾಹದ ದಿನವಲ್ಲ.

ಹೊಸ್ತಿಲು (ಮೂರು ವಾರದ ನಂತರ)

ನರ್ಸ್ ಅಕ್ಕ ಕೇಳಿದ್ದಕ್ಕೆ ಉತ್ತರ ಸಿಕ್ಕಿತು. ನನಗೆ ಮೊದಲು ಬಿಸಿಯಾಗುವುದು ಕಿವಿ. ಎಡಗಿವಿ. ಅದಾದ ಮೇಲೆ ನಾಲಿಗೆ ಅಂಗುಳಕ್ಕೆ ಅಂಟುತ್ತದೆ. ಆಮೇಲೆ ಕಿರುಚಾಟ. ನಲವತ್ತು ವರ್ಷ ಈ ಮೈಯಲ್ಲಿದ್ದೂ ಇದನ್ನು ಗಮನಿಸಿರಲಿಲ್ಲ. ಕಿವಿ ಬಿಸಿಯಾದ ತಕ್ಷಣ ಕೂರುತ್ತೇನೆ, ಉದ್ದಕ್ಕೆ ಉಸಿರು ಬಿಡುತ್ತೇನೆ. ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಳ್ಳುತ್ತೇನೆ. ಅದು ನಾನೇ ಕಂಡುಕೊಂಡದ್ದು. ಕೈಗೆ ಏನೂ ಸಿಗಬಾರದು ಅಂತ.

ಇನ್ನೊಂದು ಗೊತ್ತಾಯಿತು. ಕೆಲಸದ ಕಾವು ಇಳಿಯುವ ಮೊದಲೇ ಮಗಳ ಪಕ್ಕ ಕೂರುತ್ತಿದ್ದೆ. ಲೋಟ ಉರುಳುವ ಹೊತ್ತಿಗೆ ನಾನು ಆಗಲೇ ಅರ್ಧ ಕುದಿಯುತ್ತಿದ್ದೆ. ಈಗ ಕಾಗದಗಳನ್ನು ಮುಚ್ಚಿಟ್ಟು, ಹತ್ತು ನಿಮಿಷ ಒಬ್ಬನೇ ಕೂತು, ಆಮೇಲೆ ಅವಳ ಹತ್ತಿರ ಹೋಗುತ್ತೇನೆ.

ಎಲ್ಲ ಸರಿಯಾಯಿತು ಅಂತ ಹೇಳಲಾರೆ. ಮೊನ್ನೆ ಗುರುವಾರ ನಿದ್ದೆ ಇರಲಿಲ್ಲ. ಕಿವಿ ಬಿಸಿಯಾದದ್ದು ಗೊತ್ತಾಗುವ ಮೊದಲೇ ಕಿರುಚಿಬಿಟ್ಟಿದ್ದೆ. ಆದರೆ ಏನನ್ನೂ ಎಸೆಯಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಎದುರಿಗೆ ನೆಲದ ಮೇಲೆ ಕೂತು, "ನಾನು ಕಿರುಚಿದ್ದು ತಪ್ಪು, ಅದು ನಿನ್ನಿಂದ ಆದದ್ದಲ್ಲ" ಅಂದೆ. ಅವಳು ಸರಿಯಲಿಲ್ಲ. ಹತ್ತಿರವೂ ಬರಲಿಲ್ಲ. ಅಲ್ಲೇ ಕೂತಿದ್ದಳು.

ಮೂರನೇ ಸಲ

ಅಣ್ಣ, ಆ ನೋಟ್‌ಬುಕ್ ಏನಾಯಿತು?

ಹೊಸ್ತಿಲು

ಹೊಸದು ತಂದುಕೊಟ್ಟೆ. ಬೇಡ ಅಂದಳು, ಹಳೆಯದರಲ್ಲೇ ಬರೆಯುತ್ತಿದ್ದಾಳೆ. ಹಾಳೆ ಇನ್ನೂ ಏಳುತ್ತವೆ. ರಾತ್ರಿ ಮಲಗುವ ಮೊದಲು ಅದರ ಮೇಲೆ ದಪ್ಪ ಪುಸ್ತಕಗಳನ್ನು ಹೇರಿ ಇಡುತ್ತೇವೆ. ಅವಳು ಎರಡು ಇಡುತ್ತಾಳೆ, ನಾನು ಎರಡು ಇಡುತ್ತೇನೆ.